ಸಿರುಗುಪ್ಪಕ್ಕೆ ಸೊನ್ನೆ ಅಂಕ

ಪ್ರತಿವರ್ಷ ನವೆಂಬರ್ ತಿಂಗಳ ಕೊನೆಯ ವಾರಾಂತ್ಯದಲ್ಲಿ ಜಗತ್ತಿನ ಹವ್ಯಾಸಿ ರೇಡಿಯೊ ಬಳಗ 48 ಗಂಟೆಗಳ ಸ್ಪರ್ಧೆಯೊಂದರಲ್ಲಿ ಮುಳುಗಿರುತ್ತದೆ. 1948ರಷ್ಟು ಹಳೆಯದಾದ ‘ಸಿಕ್ಯೂ ವರ್ಲ್ಡ್ ವೈಡ್’ ಸ್ಪರ್ಧೆಯ ಮೋರ್ಸ್ ಸಂಕೇತ ವಿಭಾಗವದು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಐದೂವರೆಗೆ ಆರಂಭವಾಗಿ ಸೋಮವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಬಳ್ಳಾರಿಯ ಮೇಲೆ ಮೋಡ ಕವಿಯುವ ಕಾಲವೂ ಅದೇ.

ಅಂಥದೊಂದು ರಾತ್ರಿಯನ್ನು ನಾನು ಬಳ್ಳಾರಿಯ ಗೆಳೆಯರೊಬ್ಬರ ಮಾಳಿಗೆಯ ಕೋಣೆಯಲ್ಲಿ ಕಳೆದಿದ್ದೇನೆ. ಬಿಸಿಲಿಗೆ ಹೆಸರಾದ ಊರಿನಲ್ಲಿ ಅಂದು ಶಾಲು ಹೊದ್ದು ಕೂರುವಷ್ಟು ಚಳಿ. ಬಿಟ್ಟೂ ಬಿಡದ ಜಡಿಮಳೆ. ಹನಿಗಳು ಹೊತ್ತು ತರುವ ವಿದ್ಯುದಾವೇಶವು ಆಂಟೆನಾಕ್ಕೆ ತಾಗಿದಾಗಲೆಲ್ಲ ಕಿವಿಯಲ್ಲಿ ಚರಪರ ಸದ್ದು. ನಡುರಾತ್ರಿ ಗಾಳಿಗೆ ಬಿದಿರಿನ ಗಳ ವಾಲಿತು. ಸ್ವಲ್ಪ ಹೊತ್ತಿನಲ್ಲಿ ಕರೆಂಟೂ ಹೋಯಿತು. ಗೆಳೆಯರು ಟಾರ್ಚು ಹಿಡಿದು ಗಳವನ್ನು ಮತ್ತೆ ಕಟ್ಟಿ ಬಂದರು. ಯಂತ್ರವನ್ನು ಕಾರಿನ ಬ್ಯಾಟರಿಗೆ ಜೋಡಿಸಿ ಯುರೋಪಿನ ನಿಲ್ದಾಣಗಳನ್ನು ಕರೆಯತೊಡಗಿದರು. ಗುಡುಗು ಕೇಳಿಸಿದರೆ ಮಾತ್ರ ಆಂಟೆನಾದ ತಂತಿ ಕಳಚಿಟ್ಟು ಎದ್ದುಬಿಡಬೇಕು, ಅದರಲ್ಲಿ ಶೌರ್ಯವೇನೂ ಇಲ್ಲ ಎಂದರು. ಬೆಳಗಿನ ಜಾವ ನಾನು, ‘ಸಿರುಗುಪ್ಪದವರು ಯಾರೂ ಸಿಗಲಿಲ್ಲವೇ?’ ಎಂದು ಕೇಳಿದೆ. ‘ಸಿಕ್ಕರೂ ಅಂಕ ಸೊನ್ನೆ ಸಾರ್’ ಎಂದು ನಕ್ಕರು.

ನಿಯಮವೇ ಹಾಗಿದೆ. ಬೇರೆ ಖಂಡದ ನಿಲ್ದಾಣ ಸಿಕ್ಕರೆ ಮೂರು ಅಂಕ, ಸ್ವದೇಶದ ನಿಲ್ದಾಣಕ್ಕೆ ಸೊನ್ನೆ. ದೂರವನ್ನು ಗೆಲ್ಲುವ ಆಟದಲ್ಲಿ ಇದು ಅಸಹಜವಲ್ಲ. ಆದರೆ ಅರ್ಥಶಾಸ್ತ್ರ ಓದಿದವನಿಗೆ ಬೆಲೆಗೂ ಉಪಯುಕ್ತತೆಗೂ ನಡುವಿನ ಹಳೆಯ ಜಗಳ ಇಲ್ಲಿಯೂ ಕಾಣಿಸಿತು. ಜಪಾನಿನೊಡನೆ ವಿನಿಮಯವಾಗುವ ಎರಡು ಸಂಖ್ಯೆಗಳಿಂದ ಬಳ್ಳಾರಿ ಜಿಲ್ಲೆಗೆ ಯಾವ ಪ್ರಯೋಜನವೂ ಇಲ್ಲ. ಪ್ರವಾಹದ ದಿನ ಸಿರುಗುಪ್ಪದಿಂದ ಬರುವ ಒಂದು ವಾಕ್ಯಕ್ಕೆ ಬೆಲೆ ಕಟ್ಟಲಾಗದು.

ಸಿರುಗುಪ್ಪ ತುಂಗಭದ್ರೆ ಮತ್ತು ವೇದಾವತಿಗಳೆರಡೂ ಹರಿಯುವ ತಾಲ್ಲೂಕು. ಭತ್ತದ ಸಮೃದ್ಧಿ ನೀರಿನಿಂದಲೇ ಬಂದದ್ದು, ಭಯವೂ ನೀರಿನದೇ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕವೇ ತತ್ತರಿಸಿದಾಗ ಇಲ್ಲಿನ ನದೀತೀರದ ಹಳ್ಳಿಗಳೂ ಜಲಾವೃತವಾದವು. ಕೆಳಹರಿವಿನ ಮಂತ್ರಾಲಯ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಂದು ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ಗೋಪುರದ ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ಒಯ್ಯುವ ರಸ್ತೆಯೂ ಮುಳುಗಿದರೆ ಆ ಎಲ್ಲ ಜೇಬುಗಳೂ ಒಟ್ಟಿಗೇ ಮೂಕವಾಗುತ್ತವೆ.

ಆಟಕ್ಕೆಂದು ಕೂತವರು ಆಪತ್ತಿಗೆ ಒದಗಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಮತ್ತವರ ತಂಡ ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳನ್ನು ಮಾತನಾಡಿಸಲೆಂದೇ ಪೋರ್ಟ್ ಬ್ಲೇರಿಗೆ ಹೋಗಿತ್ತು. ಆ ತಿಂಗಳ 26ರಂದು ಸುನಾಮಿ ಅಪ್ಪಳಿಸಿತು. ದೂರವಾಣಿ ಸಂಪರ್ಕ ಕಡಿದುಹೋದ ದ್ವೀಪಗಳಿಂದ ಬಂಧುಗಳ ಕ್ಷೇಮಸಮಾಚಾರ ದಾಟಿಸಿದ್ದು ಅದೇ ಯಂತ್ರಗಳು, ಅದೇ ಆಂಟೆನಾಗಳು. ಪರಿಹಾರ ಸಾಮಗ್ರಿಯ ಪಟ್ಟಿಯಲ್ಲಿ ಅವನ್ನು ಯಾರೂ ಬರೆದಿರಲಿಲ್ಲ.

ಆದರೆ ಜಪಾನಿಗೆ ಕೇಳಿಸುವವನಿಗೆ ಸಿರುಗುಪ್ಪ ತಾನಾಗಿ ಕೇಳಿಸುತ್ತದೆಂದು ತಿಳಿಯಬಾರದು. ದೂರದ ಖಂಡಗಳಿಗೆ ಎತ್ತರದ ಆಂಟೆನಾ ಬೇಕು. ನೆರೆಯ ತಾಲ್ಲೂಕಿಗೆ ತಗ್ಗಿನಲ್ಲಿ ಕಟ್ಟಿದ ತಂತಿಯೇ ಲೇಸು: ಹಗಲಿನಲ್ಲಿ 40 ಮೀಟರ್ ಬ್ಯಾಂಡಿನ ಅಲೆ ನೆಟ್ಟಗೆ ಮೇಲೇರಿ, ಅಯಾನುಗೋಳದಿಂದ ಮರಳಿ ಸುತ್ತಲಿನ ಪ್ರದೇಶಕ್ಕೆ ಇಳಿಯುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳಿಗಾದರೋ ಎತ್ತರದ ಮಧ್ಯವರ್ತಿ ಕೇಂದ್ರವೊಂದು ಬೇಕು. ಬಳ್ಳಾರಿಗೂ ಸಿರುಗುಪ್ಪಕ್ಕೂ ನಡುವಿನ ಕುರುಗೋಡಿನ ಕಲ್ಲುಗುಡ್ಡಗಳು ಅದಕ್ಕೆ ಹೇಳಿಮಾಡಿಸಿದಂತಿವೆ. ಇದೆಲ್ಲ ಅಭ್ಯಾಸದಿಂದ ಬರಬೇಕಾದ ವಿದ್ಯೆ, ಅದೂ ಕೆಟ್ಟ ಹವೆಯಲ್ಲಿ. ಕಚೇರಿಯ ಸಭಾಂಗಣದಲ್ಲಿ ಚಹಾ ಕುಡಿದು ಮುಗಿಸುವ ಅಣಕು ಪ್ರದರ್ಶನಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಕೆಲವನ್ನು ನಡೆಸಿಯೂ ಇದ್ದೇನೆ!

ಆದ್ದರಿಂದ ಜಿಲ್ಲಾಡಳಿತವೇ ಚಳಿಗಾಲದಲ್ಲಿ ಒಂದು ದಿನದ ಸ್ಪರ್ಧೆ ನಡೆಸಲಿ. ಗ್ರಿಡ್‌ನ ವಿದ್ಯುತ್ ಬಳಸಕೂಡದು; ಮಳೆ ಬಂದರೆ ಮುಂದೂಡಕೂಡದು, ಸಿಡಿಲಿಗೆ ಮಾತ್ರ ವಿನಾಯಿತಿ. ಪರವಾನಗಿ ಪರೀಕ್ಷೆಗೆ ಕೂರಲು 12 ವರ್ಷ ತುಂಬಿದ್ದರೆ ಸಾಕು. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳು ಹತ್ತಾರು ವಿದ್ಯಾರ್ಥಿಗಳನ್ನು ಸುಲಭವಾಗಿ ಸಿದ್ಧಗೊಳಿಸಬಲ್ಲವು. ಕುರುಗೋಡಿನ ಗುಡ್ಡದ ಕೇಂದ್ರಕ್ಕೂ ತಾಲ್ಲೂಕು ಕಚೇರಿಗಳ ಆಂಟೆನಾಗಳಿಗೂ ಬೇಕಾದ ಹಣ ವಿಪತ್ತು ನಿರ್ವಹಣೆಯ ಲೆಕ್ಕದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದು. ಅಂಕಪಟ್ಟಿಯನ್ನು ಮಾತ್ರ ತಿರುವಿಹಾಕಬೇಕು: ಹೊರದೇಶಕ್ಕೆ ಸೊನ್ನೆ, ಕುರುಗೋಡಿಗೆ ಒಂದು, ಸಿರುಗುಪ್ಪದ ನದೀತೀರದ ಹಳ್ಳಿಯಿಂದ ತಪ್ಪಿಲ್ಲದೆ ಬಂದ ಪ್ರತಿ ಸಂದೇಶಕ್ಕೆ ಮೂರು.