ಲಾರಿ ಮೇಲೆ ಬಂತು, ಎಣ್ಣೆ ಹಳ್ಳದಲ್ಲೇ ಉಳಿಯಿತು

ಘಟ್ಟದ ರಸ್ತೆಯಲ್ಲಿ ವಾಹನವೊಂದು ಉರುಳಿದಾಗ ಮುಂದಿನ ಕೆಲಸಗಳು ಒಂದು ರೂಢಿಯ ಕ್ರಮದಲ್ಲಿ ನಡೆಯುತ್ತವೆ. ಗಾಯಾಳುಗಳನ್ನು ಮೇಲೆತ್ತಿ ಆಸ್ಪತ್ರೆಗೆ ಸಾಗಿಸಲಾಗುತ್ತದೆ. ಪೊಲೀಸರು ಬಂದು ಮಹಜರು ಬರೆಯುತ್ತಾರೆ. ಕ್ರೇನ್ ಬರುತ್ತದೆ, ಉಕ್ಕಿನ ಹಗ್ಗ ಬಿಗಿಯಲಾಗುತ್ತದೆ, ನಜ್ಜುಗುಜ್ಜಾದ ವಾಹನವನ್ನು ಕಂದಕದಿಂದ ಎಳೆದು ರಸ್ತೆಗೆ ತರಲಾಗುತ್ತದೆ. ಎರಡೂ ಬದಿಯಲ್ಲಿ ನಿಂತಿದ್ದ ವಾಹನಗಳ ಸಾಲು ಕರಗುತ್ತದೆ. ಅಲ್ಲಿಗೆ 'ತೆರವು ಪೂರ್ಣ' ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ವಾಹನ ಬಿದ್ದ ಜಾಗದಲ್ಲಿ ಸೋರಿದ ಡೀಸೆಲ್, ಎಂಜಿನ್ ಎಣ್ಣೆ, ಬ್ಯಾಟರಿಯ ಆಮ್ಲ, ಗಾಜು ಮತ್ತು ಪ್ಲಾಸ್ಟಿಕ್ಕಿನ ಚೂರುಗಳು ಹಾಗೆಯೇ ಉಳಿಯುತ್ತವೆ. ಅವುಗಳನ್ನು ತೆರವುಗೊಳಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ಹೊಣೆಯೂ ವಾಹನ ಎಳೆಯುವ ಕೆಲಸದ ಅವಿಭಾಜ್ಯ ಅಂಗವಾಗಬೇಕೆಂಬುದು ಈ ಲೇಖನದ ವಾದ.

ಬಯಲುಸೀಮೆಯ ಹೆದ್ದಾರಿಗೂ ಸಹ್ಯಾದ್ರಿಯ ಘಟ್ಟಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಬಯಲಿನಲ್ಲಿ ಉರುಳಿದ ಲಾರಿಯ ಎಣ್ಣೆ ಬಹುಮಟ್ಟಿಗೆ ರಸ್ತೆಯಂಚಿನ ಮಣ್ಣಿನಲ್ಲೇ ಇಂಗುತ್ತದೆ. ನಮ್ಮಲ್ಲಿ ರಸ್ತೆಯ ಕೆಳಬದಿಯೆಂದರೆ ಹಳ್ಳ. ಶಿರಾಡಿ ಘಟ್ಟದ ರಾಷ್ಟ್ರೀಯ ಹೆದ್ದಾರಿ 75 ಬಹುದೂರ ಕೆಂಪುಹೊಳೆಯ ಮಗ್ಗುಲಲ್ಲೇ ಇಳಿಯುತ್ತದೆ. ಕೆಂಪುಹೊಳೆಯ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೂ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೂ ಸೇರುತ್ತದೆ. ಚಾರ್ಮಾಡಿಯ ಇಳಿಜಾರಿನ ನೀರೂ ನೇತ್ರಾವತಿಯನ್ನೇ ಕೂಡುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವುಗಳ ಕೆಳಗೆ ಸೀತಾನದಿಯ ಕಣಿವೆಯಿದೆ. ಅರಬೈಲು ಘಟ್ಟದ ಕೆಳಗೆ ಗಂಗಾವಳಿಯಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ಆಗುಂಬೆಯಂಥ ಕಡೆ, ಇಂದು ಮಣ್ಣಿನ ಮೇಲೆ ಬಿದ್ದ ಎಣ್ಣೆ ನಾಳೆ ನೀರಿನಲ್ಲಿರುತ್ತದೆ.

ಸೋರುವ ಪ್ರಮಾಣವೂ ಅಲ್ಪವಲ್ಲ. ದೊಡ್ಡ ಲಾರಿಯೊಂದರ ಟ್ಯಾಂಕಿನಲ್ಲಿ 200ರಿಂದ 400 ಲೀಟರ್ ಡೀಸೆಲ್ ಹಿಡಿಯುತ್ತದೆ. ಎಂಜಿನ್, ಗೇರುಪೆಟ್ಟಿಗೆಗಳ ಎಣ್ಣೆ ಬೇರೆ. ಮಣ್ಣಿನ ಅಧ್ಯಯನವೇ ವೃತ್ತಿಯಾದ ನನಗೆ ಇದರ ಪರಿಣಾಮಗಳು ಅಪರಿಚಿತವಲ್ಲ. ಡೀಸೆಲ್ ಲೇಪಿಸಿದ ಮಣ್ಣಿನ ಕಣಗಳು ನೀರನ್ನು ಹೀರದೆ ಹೊರದೂಡುತ್ತವೆ. ಎಣ್ಣೆಯನ್ನು ಅರಗಿಸಬಲ್ಲ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಇದ್ದೇ ಇವೆಯಾದರೂ, ಆ ಕಾರ್ಯಕ್ಕಾಗಿ ಅವು ಮಣ್ಣಿನ ಸಾರಜನಕವನ್ನು ಬಳಸಿಕೊಳ್ಳುವುದರಿಂದ ಅಲ್ಲಿನ ಗಿಡಗಳು ಹಳದಿಗಟ್ಟಿ ಸೊರಗುತ್ತವೆ. ಡೀಸೆಲ್ ಕರಗಲು ತಿಂಗಳುಗಳು ಬೇಕು, ಭಾರವಾದ ಎಂಜಿನ್ ಎಣ್ಣೆಗೆ ವರ್ಷಗಳೇ ಬೇಕು. ಬಳಸಿದ ಎಂಜಿನ್ ಎಣ್ಣೆಯಲ್ಲಿ ಲೋಹಾಂಶಗಳೂ ಸೇರಿರುತ್ತವೆ. ಅವು ಕೊಳೆತು ಮಾಯವಾಗುವ ವಸ್ತುಗಳಲ್ಲ.

ನೀರಿನ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಶಿರಾಡಿಯಲ್ಲಿ ಚೆಲ್ಲಿದ ಒಂದು ಲಾರಿಯ ಡೀಸೆಲ್, ಮಂಗಳೂರಿಗೆ ಕುಡಿಯುವ ನೀರೊದಗಿಸುವ ತುಂಬೆಯ ಅಣೆಕಟ್ಟೆಯನ್ನು ಮುಟ್ಟುವ ವೇಳೆಗೆ ಅಳತೆಗೆ ಸಿಗದಷ್ಟು ತೆಳುವಾಗಿರಬಹುದು. ಪೆಟ್ಟು ಬೀಳುವುದು ಮೊದಲ ಕೆಲವು ಕಿಲೋಮೀಟರುಗಳಿಗೆ. ಬೇಸಗೆಯಲ್ಲಿ ನೀರು ಇಳಿದಾಗ ಆ ಪೆಟ್ಟು ತೀವ್ರ. ಮೀನಿನ ಮೊಟ್ಟೆ, ಕಲ್ಲಿಗೆ ಅಂಟಿ ಬದುಕುವ ನೀರುಹುಳುಗಳು, ತೊಗಲಿನ ಮೂಲಕವೂ ಉಸಿರಾಡುವ ಕಪ್ಪೆಗಳು ಮೊದಲ ಬಲಿ. ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದ ಪುಟ್ಟ ಕಪ್ಪೆಯೊಂದು 'ನಿಕ್ಟಿಬಟ್ರಾಕಸ್ ಕೆಂಪೊಲೆಯೆನ್ಸಿಸ್' ಎಂಬ ಹೆಸರಿನಲ್ಲಿ ಇಂದಿಗೂ ಕೆಂಪುಹೊಳೆಯನ್ನು ಹೊತ್ತಿದೆ. ಆ ಹಳ್ಳಗಳಿಂದಲೇ ಅಬ್ಬಿನೀರು ತಂದು ಕುಡಿಯುವ ಮನೆಗಳೂ, ತೋಟಕ್ಕೆ ಹಾಯಿಸುವ ರೈತರೂ ಅದೇ ಮೊದಲ ಕಿಲೋಮೀಟರುಗಳಲ್ಲಿ ಇದ್ದಾರೆ.

ಹಾಗಾದರೆ ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 127ನೆಯ ಕಲಮು, ಸಂಚಾರಕ್ಕೆ ಅಪಾಯವೊಡ್ಡುವ ಜಖಂಗೊಂಡ ಅಥವಾ ಸುಟ್ಟ ವಾಹನವನ್ನು ಹೆದ್ದಾರಿಯಿಂದ ಕೂಡಲೇ ಎಳೆಸಿ ತೆಗೆಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ. ಎಳೆಯುವ ಖರ್ಚನ್ನು ಮಾಲೀಕನ ಮೇಲೆ ಹೊರಿಸಿದೆ. ಇಲ್ಲಿ ಕಾನೂನಿನ ಕಣ್ಣು ರಸ್ತೆಯ ಮೇಲಿದೆಯೇ ಹೊರತು ಹಳ್ಳದ ಮೇಲಲ್ಲ. ಕಂದಕದ ತಳದಲ್ಲಿ ಬಿದ್ದ ವಾಹನ ಯಾರ ಸಂಚಾರಕ್ಕೂ ಅಡ್ಡಿಯಲ್ಲವಾದ್ದರಿಂದ ಅದನ್ನು ಎತ್ತುವ ಅವಸರವೂ ಯಾರಿಗೂ ಇರುವುದಿಲ್ಲ. ಗುಜರಿಯ ಬೆಲೆಗಿಂತ ಕ್ರೇನಿನ ಬಾಡಿಗೆ ಅಧಿಕವಾದರೆ ಅದು ಅಲ್ಲಿಯೇ ತುಕ್ಕು ಹಿಡಿಯುತ್ತದೆ.

ಆದರೆ ಬೇರೆ ಕಾಯಿದೆಗಳು ಮೌನವಾಗಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ 32ನೆಯ ಕಲಮು, ಅಪಘಾತದಿಂದ ಹೊಳೆಗೆ ಮಲಿನ ವಸ್ತು ಸೇರಿದಾಗ ಅದನ್ನು ತೆಗೆಯುವ, ಹಾನಿಯನ್ನು ತಗ್ಗಿಸುವ ತುರ್ತು ಕ್ರಮ ಕೈಗೊಳ್ಳಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಧಿಕಾರ ನೀಡಿದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯು ಅಪಾಯಕಾರಿ ವಸ್ತುಗಳ ಸಾಗಾಟವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಮೋಟಾರು ವಾಹನ ಕಾಯಿದೆಯ 165ನೆಯ ಕಲಮಿನಡಿ ಸ್ಥಾಪಿತವಾದ ಅಪಘಾತ ಪರಿಹಾರ ನ್ಯಾಯಮಂಡಳಿಗಳು ಪ್ರಾಣಹಾನಿ, ದೇಹಹಾನಿಗಳ ಜೊತೆಗೆ ಮೂರನೆಯವರ ಆಸ್ತಿಗೆ ಆದ ಹಾನಿಯನ್ನೂ ವಿಚಾರಿಸಬಲ್ಲವು. ಅಂದರೆ ಡೀಸೆಲ್ ಹರಿದು ತೋಟ ಕೆಟ್ಟ ರೈತನಿಗೂ ಅಲ್ಲಿ ಬಾಗಿಲಿದೆ. ಕಾನೂನಿನ ಬಲ ಇದೆ. ಅದನ್ನು ಅಪಘಾತದ ಸ್ಥಳಕ್ಕೆ ಕರೆತರುವ ವ್ಯವಸ್ಥೆಯಿಲ್ಲ.

ಇಂತಹ ಮಾತಿಗೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ರಸ್ತೆ ಬೇಗ ತೆರೆಯಬೇಕು, ಸಾಲಿನಲ್ಲಿ ಆಂಬುಲೆನ್ಸೂ ನಿಂತಿರುತ್ತದೆ ಎಂಬುದು. ಇದು ಸರಿಯಾದ ಮಾತು. ಜೀವ ಮೊದಲು, ರಸ್ತೆ ಆಮೇಲೆ, ಹಳ್ಳ ಅದರ ನಂತರ ಎಂಬ ಕ್ರಮದಲ್ಲಿ ನನ್ನ ತಕರಾರಿಲ್ಲ. ರಸ್ತೆಗೆ ಅಡ್ಡಬಿದ್ದ ವಾಹನವನ್ನು ಅಂಚಿಗೆ ಸರಿಸಿ ಸಂಚಾರ ಬಿಡಲಿ, ಎಣ್ಣೆ ತೆಗೆಯುವ ಕೆಲಸ ಅಂಚಿನಲ್ಲಿ ನಡೆಯಲಿ. ಕಂದಕದಲ್ಲಿರುವ ವಾಹನಕ್ಕಂತೂ ಈ ಅವಸರವೇ ಅನ್ವಯಿಸದು. ಟ್ಯಾಂಕ್ ಖಾಲಿ ಮಾಡದೆ ಬಂಡೆಗಳ ಮೇಲೆ ಎಳೆದಾಗ ಸೋರಿಕೆ ಇಮ್ಮಡಿಯಾಗುತ್ತದೆ. ಉಕ್ಕಿನ ಹಗ್ಗವನ್ನು ನೇರವಾಗಿ ಮರಕ್ಕೆ ಸುತ್ತಿದಾಗ ತೊಗಟೆ ಕಳಚಿ ಮರ ಸಾಯುತ್ತದೆ.

ಎರಡನೆಯದು ಖರ್ಚಿನ ಪ್ರಶ್ನೆ. ಸಾಲ ಮಾಡಿ ಲಾರಿ ಕೊಂಡ ಮಾಲೀಕನ ಮೇಲೆ, ಅಪಘಾತದಲ್ಲಿ ಎಲ್ಲ ಕಳೆದುಕೊಂಡ ದಿನವೇ ಇನ್ನೊಂದು ಹೊರೆ ಹೇರುವುದು ನ್ಯಾಯವಲ್ಲ. 2002ರ ಭಾರತೀಯ ಮೋಟಾರು ಸುಂಕಪಟ್ಟಿಯ ಮಾದರಿ ಪಾಲಿಸಿಯು ಜಖಂಗೊಂಡ ವಾಹನವನ್ನು ಕಾಪಾಡಿ ಸಮೀಪದ ಗ್ಯಾರೇಜಿಗೆ ಸಾಗಿಸಲು ಖಾಸಗಿ ಕಾರಿಗೆ 1,500 ರೂಪಾಯಿ, ಲಾರಿಯಂಥ ವಾಣಿಜ್ಯ ವಾಹನಕ್ಕೆ 2,500 ರೂಪಾಯಿಗಳ ಮಿತಿ ಹಾಕಿತ್ತು. ಘಟ್ಟದ ಕಂದಕದಿಂದ ಲಾರಿ ಎತ್ತುವ ಕ್ರೇನಿಗೆ ಈ ಹಣ ಯಾವ ಮೂಲೆಗೆ? ಆದುದರಿಂದ ವೆಚ್ಚದ ಹೊಣೆ ಚಾಲಕನದಾಗಬಾರದು. ಅದು ವಿಮೆಯ ಕರಾರಿನೊಳಗೆ, ಸುಂಕ ಪಡೆಯುವ ಹೆದ್ದಾರಿಯ ನಿರ್ವಹಣಾ ಒಪ್ಪಂದದೊಳಗೆ ಮತ್ತು ಅಪಾಯಕಾರಿ ಸರಕಿನ ಸಂದರ್ಭದಲ್ಲಿ ಸರಕು ಕಳುಹಿಸಿದವರ ಲೆಕ್ಕದೊಳಗೆ ಸೇರಬೇಕು.

ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಪಾಲಾದ ಲಾರಿಯನ್ನು, ಗೋವೆಯಿಂದ ಡ್ರೆಜ್ಜರ್ ತರಿಸಿ ಸೆಪ್ಟೆಂಬರ್ 25ರಂದು ನದಿಯ ತಳದಿಂದ ಎತ್ತಲಾಯಿತು. ಅದರೊಳಗಿದ್ದ ಮನುಷ್ಯನಿಗಾಗಿ ಅಷ್ಟು ಶ್ರಮಪಟ್ಟದ್ದು ಅತ್ಯಂತ ಯೋಗ್ಯವಾದ ಕಾರ್ಯ. ಅದರ ನೂರರಲ್ಲೊಂದು ಪಾಲು ಶ್ರಮವನ್ನು ಹಳ್ಳಗಳಿಗಾಗಿ ಕೇಳುವುದು ಅತಿಯಾಸೆಯಾಗದು.

ನಮ್ಮ ಬೇಡಿಕೆಗಳು ಸರಳವಾಗಿರಲಿ. ಮಹಜರಿನಲ್ಲಿ ಯಾವ ದ್ರವ, ಎಷ್ಟು, ಎತ್ತ ಹರಿಯಿತು ಎಂಬ ವಿವರ ದಾಖಲಾಗಲಿ. ವಾಹನ ಎಳೆಯುವ ಮುನ್ನ ಟ್ಯಾಂಕ್ ಬರಿದು ಮಾಡಿ, ಬ್ಯಾಟರಿ ಬಿಚ್ಚುವುದು ಕಡ್ಡಾಯವಾಗಲಿ. ಘಟ್ಟದ ಎರಡೂ ತುದಿಯ ಠಾಣೆಗಳಲ್ಲಿ ಕೈಪಂಪು, ಖಾಲಿ ಪೀಪಾಯಿ, ಮರದ ಹೊಟ್ಟು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಗೋಣಿಚೀಲಗಳು ಸಿದ್ಧವಿರಲಿ. ಎಣ್ಣೆ ಕುಡಿದ ಹೊಟ್ಟನ್ನೂ ಮಣ್ಣನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ಸಾಗಿಸಲಿ. ಅರಣ್ಯ ಇಲಾಖೆಯ ಸಿಬ್ಬಂದಿ ಸ್ಥಳದಲ್ಲಿದ್ದು, ಚೂರುಗಳೂ ಹೋದ ಮೇಲಷ್ಟೇ ತೆರವು ಪೂರ್ಣವೆಂದು ಸಹಿ ಹಾಕಲಿ.

ಊರಿನವರಾದ ನಮ್ಮ ಪಾಲೂ ಇದೆ. ಟ್ಯಾಂಕರ್ ಉರುಳಿದಲ್ಲಿ ಕೊಡ ಹಿಡಿದು ಓಡುವುದು ಸಾವನ್ನು ಕರೆಯುವ ಕೆಲಸ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಹೊತ್ತಿಕೊಂಡ ಬೆಂಕಿಯನ್ನು ಮರೆಯುವಂತಿಲ್ಲ. ದೂರದಲ್ಲೇ ನಿಂತು ಟ್ಯಾಂಕರಿನ ಮೇಲಿನ ತುರ್ತು ಮಾಹಿತಿ ಫಲಕವನ್ನು ಓದಿ 112ಕ್ಕೆ ತಿಳಿಸಬೇಕು; ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಹ ಇದೆ. ಬರೀ ಡೀಸೆಲ್ ಎಂದು ಖಚಿತವಾದರೆ, ಅಧಿಕಾರಿಗಳು ಒಪ್ಪಿದ ಮೇಲೆ, ಹಳ್ಳದ ಕೆಳಹರಿವಿನಲ್ಲಿ ಒಣಹುಲ್ಲಿನ ಕಂತೆಗಳನ್ನು ಅಡ್ಡಲಾಗಿ ಕಟ್ಟಿ ತೇಲುವ ಎಣ್ಣೆಯನ್ನು ತಡೆಯಬಹುದು. ಅಬ್ಬಿಯ ಮತ್ತು ತೋಟದ ನೀರನ್ನು ಆ ದಿನಗಳಲ್ಲಿ ನಿಲ್ಲಿಸಬೇಕು. ಎಣ್ಣೆ ನುಗ್ಗಿದ ತೋಟದ ಮೇಲ್ಮಣ್ಣನ್ನು ಕೆತ್ತಿ ತೆಗೆದು, ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಸಡಿಲಿಸಿದರೆ ಸೂಕ್ಷ್ಮಜೀವಿಗಳ ಕೆಲಸ ಚುರುಕಾಗುತ್ತದೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಘಟ್ಟದ ಅಂಚಿನ ಪಂಚಾಯಿತಿಗಳು ತಮ್ಮ ಮುಂದಿನ ಸಭೆಯಲ್ಲಿ ಈ ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ, ಜಿಲ್ಲಾಧಿಕಾರಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಲಿ. ಮಳೆಗಾಲಕ್ಕೆ ಮುನ್ನವೇ ಈ ಕೆಲಸವಾಗಬೇಕು.