ಅಂಕಪಟ್ಟಿಯಲ್ಲಿ ಕಾಣದ ಕಲಿಕೆ

ಫಲಿತಾಂಶ ಬಂದೊಡನೆ ಪದವಿ ಕಾಲೇಜುಗಳ ಜಾಹೀರಾತುಗಳು ಪತ್ರಿಕೆಗಳನ್ನು ತುಂಬುತ್ತವೆ. ಇಷ್ಟು ರ್‍ಯಾಂಕ್, ಇಷ್ಟು ಪ್ರಥಮ ದರ್ಜೆ. ಹೆತ್ತವರು ಅದನ್ನೇ ನೋಡಿ ಮಕ್ಕಳನ್ನು ಸೇರಿಸುತ್ತಾರೆ. ಆದರೆ ಶೇ. 90 ಅಂಕ ಹಿಡಿದು ಬಂದವನನ್ನು ಶೇ. 90 ಅಂಕದೊಂದಿಗೇ ಹೊರಗೆ ಕಳುಹಿಸಿದ ಕಾಲೇಜು ಅವನಿಗೆ ಎಷ್ಟು ಕಲಿಸಿತು? ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದು, ಮೊದಲ ವರ್ಷವಿಡೀ ಇಂಗ್ಲಿಷ್ ಪಾಠದೊಂದಿಗೆ ಹೆಣಗಾಡಿ, ಕೊನೆಗೆ ಶೇ. 55ರಲ್ಲಿ ತೇರ್ಗಡೆಯಾದ ವಿದ್ಯಾರ್ಥಿನಿಯ ಬೆಳವಣಿಗೆ ಯಾವ ಜಾಹೀರಾತಿನಲ್ಲಿದೆ?

ಇದನ್ನು ಅಳೆಯುವ ಪ್ರಯತ್ನವೊಂದು ಅಮೆರಿಕದಲ್ಲಿ ನಡೆಯಿತು. ಸಮಾಜಶಾಸ್ತ್ರಜ್ಞರಾದ ರಿಚರ್ಡ್ ಅರಮ್ ಮತ್ತು ಜೊಸಿಪಾ ರೋಕ್ಸಾ, 24 ಕಾಲೇಜುಗಳ 2,300ಕ್ಕೂ ಹೆಚ್ಚು ವಿದ್ಯಾರ್ಥಿಗಳು 2005ರಲ್ಲಿ ಪ್ರವೇಶ ಪಡೆದಾಗ ಮತ್ತು 2007ರಲ್ಲಿ ಎರಡನೆಯ ವರ್ಷ ಮುಗಿಸುವಾಗ ಬರೆದ ಪರೀಕ್ಷೆಗಳನ್ನು ಹೋಲಿಸಿದರು. ಅದರಲ್ಲಿ ಕಂಠಪಾಠಕ್ಕೆ ಬೆಲೆಯಿರಲಿಲ್ಲ. ಕಂಪೆನಿಯೊಂದು ಖರೀದಿಸಲು ಹೊರಟ ಮಾದರಿಯ ವಿಮಾನ ಅಪಘಾತಕ್ಕೀಡಾಗಿದೆ. ಪತ್ರಿಕಾ ವರದಿ, ತನಿಖಾ ವರದಿ, ಪತ್ರಗಳು ಇಲ್ಲಿವೆ. ಖರೀದಿಸಬೇಕೇ ಬೇಡವೇ, ಕಾರಣ ಸಹಿತ ಬರೆಯಿರಿ ಎಂಬಂತಹ ಪ್ರಶ್ನೆಗಳು. 2011ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ, ಶೇ. 45 ಮಂದಿಯಲ್ಲಿ ಗಣನೀಯ ಪ್ರಗತಿ ಕಂಡುಬರಲಿಲ್ಲ.

ಈ ಸಂಖ್ಯೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಅಂಕ ಪದವಿಗೆ ಸೇರದೆಂದು ತಿಳಿದವನು ಮನಸ್ಸಿಟ್ಟು ಬರೆಯುವನೇ? ಪ್ರಗತಿಯನ್ನು ಪರೀಕ್ಷೆ ಖಚಿತಪಡಿಸಲಿಲ್ಲವೆಂದ ಮಾತ್ರಕ್ಕೆ ಪ್ರಗತಿಯೇ ಆಗಿಲ್ಲ ಎನ್ನಲಾಗದು ಎಂದು ಶಿಕ್ಷಣತಜ್ಞ ಅಲೆಕ್ಸಾಂಡರ್ ಆಸ್ಟಿನ್ ಅಂದೇ ಆಕ್ಷೇಪಿಸಿದ್ದರು. ಆಕ್ಷೇಪ ನ್ಯಾಯವಾದುದೇ. ಆದರೂ ಬಂದಾಗ ಒಮ್ಮೆ, ಕಲಿತ ಮೇಲೆ ಇನ್ನೊಮ್ಮೆ ಅಳೆಯುವ ಕ್ರಮದಲ್ಲಿ ನಮಗೆ ದೋಷ ಕಾಣುವುದಿಲ್ಲ.

ಹಳ್ಳಿಯ ಮಗು ಎರಡನೆಯ ತರಗತಿಯ ಪಾಠವನ್ನು ಓದಬಲ್ಲುದೇ ಎಂದು ಮನೆಗೇ ಹೋಗಿ ನೋಡುವ 'ಅಸರ್' ಸಮೀಕ್ಷೆ ನಮ್ಮ ದೇಶದಲ್ಲಿ 2005ರಲ್ಲೇ ಆರಂಭವಾಯಿತು. ಪದವೀಧರನಲ್ಲಿ ನಾವು ಅಷ್ಟನ್ನೂ ಕೇಳುವುದಿಲ್ಲ. ನ್ಯಾಕ್ ಶ್ರೇಣಿ ಇದೆಯಲ್ಲ ಎನ್ನಬಹುದು. ಅದು ಕಾಲೇಜಿಗೆ ಸಿಗುವ ಶ್ರೇಣಿ, ನಿಮ್ಮ ಮಗಳ ಕಲಿಕೆಯ ಲೆಕ್ಕವಲ್ಲ. ಇನ್ನು ಆಂತರಿಕ ಅಂಕಗಳು. ಕಲಿಸಿದವರೇ ಕೊಡುವ ಅಂಕಗಳ ಔದಾರ್ಯ ಎಲ್ಲರಿಗೂ ಗೊತ್ತಿರುವಂಥದ್ದೇ.

ಮೊದಲ ವಾರದಲ್ಲಿಯೇ ಒಂದು ಪತ್ರಿಕಾ ವರದಿ ಮತ್ತು ಒಂದು ಲೆಕ್ಕಪತ್ರವನ್ನು ಕೊಟ್ಟು ಒಂದು ಪುಟ ಬರೆಯಿಸಿ ತೆಗೆದಿಡಲಿ. ಕೊನೆಯ ಸೆಮಿಸ್ಟರ್‌ನಲ್ಲಿ ಅದೇ ಬಗೆಯ ಇನ್ನೊಂದು ಪುಟ. ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತಿಳಿಸದೆ ಬೇರೆ ಕಾಲೇಜಿನ ಅಧ್ಯಾಪಕರಿಂದ ಮೌಲ್ಯಮಾಪನ ಮಾಡಿಸಲಿ. ಫಲಿತಾಂಶ ವಿದ್ಯಾರ್ಥಿಗೆ ಮತ್ತು ಅಧ್ಯಾಪಕರಿಗೆ ತಲುಪಲಿ, ಜಾಹೀರಾತಿಗಲ್ಲ. ಇಲ್ಲವಾದರೆ ಅದಕ್ಕೂ ಟ್ಯೂಷನ್ ಶುರುವಾದೀತು. ಇದಕ್ಕೆ ಸರಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಪ್ರವೇಶದ ದಿನ ಶುಲ್ಕದ ವಿವರ ಕೇಳುವ ಹೆತ್ತವರು ಈ ಎರಡು ಪುಟಗಳ ಬಗ್ಗೆಯೂ ಪ್ರಾಂಶುಪಾಲರಲ್ಲಿ ವಿಚಾರಿಸಲಿ.