ಹಿತ್ತಿಲ ನೀಲಗಿರಿ

ಮರ ನೆಡುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಯಾವ ನೆಲಕ್ಕೆ ಯಾವ ಮರ ಎಂಬ ವಿವೇಕವಿಲ್ಲದಿದ್ದರೆ ಆ ಪುಣ್ಯವೇ ನೆರೆಯವರಿಗೆ ಹೊರೆಯಾದೀತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹಿತ್ತಿಲ ಬೇಲಿಗೂ ತೋಟದ ಬದುವಿಗೂ ನಿಂತ ನೀಲಗಿರಿ ಮರಗಳನ್ನು ಕಂಡಾಗಲೆಲ್ಲ ನನಗೆ ಹೀಗೆನಿಸುತ್ತದೆ.

ನೀಲಗಿರಿಯ ತವರು ಆಸ್ಟ್ರೇಲಿಯ. ಹದಿನೆಂಟನೆಯ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ, ಅದು ನಂದಿಬೆಟ್ಟಕ್ಕೆ ಬಂದಿತೆಂದು ಪ್ರತೀತಿ. ಅಲ್ಲಿಂದ ಹಬ್ಬಿದ ತಳಿಗೆ ‘ಮೈಸೂರು ಗಮ್’ ಎಂಬ ಹೆಸರೇ ಬಂದಿತು. ಅದರ ಗುಣಗಳನ್ನು ಅಲ್ಲಗಳೆಯಲಾಗದು. ದನಕರುಗಳು ಅದನ್ನು ಮೇಯುವುದಿಲ್ಲ. ಏಳೆಂಟು ವರ್ಷಗಳಲ್ಲಿ ಕಡಿತಕ್ಕೆ ಬರುತ್ತದೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಸೌದೆಗೂ ಗಳುವಿಗೂ ಒದಗುತ್ತದೆ. ಅದರ ಹೂವು ಜೇನುಹುಳುಗಳಿಗೆ ಪ್ರಿಯ.

ಈ ಗುಣಗಳಿಗೆ ಮನಸೋತು ನಾನೂ ನನ್ನ ತೆಂಗಿನ ಹಿತ್ತಿಲಿನ ಪಡುವಣ ಬೇಲಿಯುದ್ದಕ್ಕೂ ಒಂದು ಸಾಲು ನೀಲಗಿರಿ ನೆಟ್ಟೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಬೇಲಿಗೆ ಹತ್ತಿರದ ತೆಂಗಿನ ಗರಿಗಳು ಜೋತುಬಿದ್ದವು, ಹರಳು ಉದುರತೊಡಗಿದವು. ಬೇಲಿಯಾಚೆಯ ತೆಂಗುಗಳೂ ಸೊರಗಿದವು. ನೆರೆಯವರು ಜಗಳಕ್ಕೆ ಬರಲಿಲ್ಲ. “ಮೇಷ್ಟ್ರೇ, ನಿಮ್ಮ ಮರ ನಮ್ಮ ನೀರನ್ನೂ ಕುಡಿಯುತ್ತಿದೆಯಲ್ಲಾ” ಎಂದಷ್ಟೇ ಹೇಳಿದರು. ನನಗೆ ಉತ್ತರ ತೋಚಲಿಲ್ಲ.

ಆಗ ನಾನು ಮರವನ್ನು ಸವರಿ ಹದ್ದಿನಲ್ಲಿಡಲು ಹೊರಟೆ. ಪಕ್ಕದ ಕೊಂಬೆಗಳನ್ನು ಸವರಿಸಿದೆ, ತಲೆ ಕಡಿಸಿದೆ, ಬುಡದಿಂದೆದ್ದ ಚಿಗುರುಗಳಲ್ಲಿ ಒಂದೆರಡನ್ನು ಮಾತ್ರ ಉಳಿಸಿದೆ. ಎಲೆ ಕಡಿಮೆಯಾದರೆ ಮರ ಹೀರುವ ನೀರೂ ಕಡಿಮೆಯಾಗುವುದು ನಿಜ. ಆದರೆ ಅದು ಕೆಲಕಾಲದ ಮಾತು. ನೆಲದೊಳಗೆ ಹರಡಿದ ಬೇರು ಹಾಗೆಯೇ ಇರುತ್ತದೆ. ಅದರ ಬಲದಿಂದ ಹೊಸ ಚಿಗುರು ಸಸಿಗಿಂತಲೂ ವೇಗವಾಗಿ ಬೆಳೆದು ಮತ್ತೆ ನೀರಿಗೆ ಬಾಯಿಡುತ್ತದೆ. ಸವರುವುದರಿಂದ ನೆರಳು ತಗ್ಗೀತು, ಬಾಯಾರಿಕೆ ತಗ್ಗದು.

ನಮ್ಮ ಸೀಮೆಯ ಬದುಕು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಉಂಡೆ ಕೊಬ್ಬರಿಯನ್ನು ನೆಚ್ಚಿದೆ. ಬೇಸಿಗೆಯಲ್ಲಿ ಫಲ ಕೊಡುವ ಒಂದು ತೆಂಗಿಗೆ ದಿನಕ್ಕೆ ಸುಮಾರು 40–50 ಲೀಟರ್ ನೀರು ಬೇಕು. ಮಳೆ ಕಡಿಮೆಯಾದ ವರ್ಷ ಕೆರೆ ಬತ್ತುತ್ತದೆ; ಕೊಳವೆ ಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕಾಗುತ್ತದೆ. ಇಂಥಲ್ಲಿ ತೆಂಗಿನ ಪಕ್ಕಕ್ಕೆ ನೀಲಗಿರಿಯನ್ನು ನಿಲ್ಲಿಸುವುದು ಉಣ್ಣುವ ತಟ್ಟೆಗೆ ಪಾಲುದಾರನನ್ನು ಕರೆದಂತೆಯೇ ಸರಿ.

ಇದನ್ನು ರೈತರು ಬಹು ಹಿಂದೆಯೇ ಅರಿತಿದ್ದರು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹೊಲಹೊಲಕ್ಕೂ ನೀಲಗಿರಿ ಬರುತ್ತಿದ್ದ ದಿನಗಳಲ್ಲಿ, 1983ರ ಆಗಸ್ಟ್ ತಿಂಗಳಿನಲ್ಲಿ, ನಮ್ಮ ತುಮಕೂರು ಜಿಲ್ಲೆಯ ರೈತರೇ ಅರಣ್ಯ ಸಸ್ಯಕ್ಷೇತ್ರಕ್ಕೆ ನಡೆದುಹೋಗಿ ಆ ಸಸಿಗಳನ್ನು ಕಿತ್ತುಹಾಕಿ, ಹುಣಸೆ ಮಾವುಗಳ ಬೀಜ ಬಿತ್ತಿದರು. 2017ರಲ್ಲಿ ರಾಜ್ಯ ಸರ್ಕಾರವೂ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಸೌದೆಗೆ ಗತಿಯೇನು ಎಂದು ಕೇಳುವವರುಂಟು. ಅದು ನ್ಯಾಯವಾದ ಪ್ರಶ್ನೆ. ಬೇಲಿಗೆ ಹೊಂಗೆ, ಬೇವು, ಗೊಬ್ಬರದ ಗಿಡಗಳನ್ನು ಹಾಕಿದರೆ ಸೌದೆ ತಡವಾಗಿ ಬಂದೀತು. ಆದರೆ ಹೊಂಗೆಯ ಸೊಪ್ಪೂ ಗೊಬ್ಬರದ ಗಿಡದ ಸೊಪ್ಪೂ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತವೆ. ಇವನ್ನು ಸವರಿದಷ್ಟೂ ತೋಟಕ್ಕೆ ಲಾಭ.

ಕೊನೆಗೆ ನಾನು ನೀಲಗಿರಿಯ ಸಾಲನ್ನು ಕಡಿಸಿ, ಬುಡ ಚಿಗುರಿದಂತೆಲ್ಲ ಮುರಿದು, ಅಲ್ಲಿ ಹೊಂಗೆ ನೆಟ್ಟೆ. ನನ್ನ ಬೇಲಿಯ ಸಾಲಿನ ಎರಡು ತೆಂಗುಗಳು ಚೇತರಿಸಿಕೊಳ್ಳಲೇ ಇಲ್ಲ. ನೀಲಗಿರಿಯನ್ನು ನಾನು ದೂಷಿಸುವುದಿಲ್ಲ. ಅದು ತನ್ನ ಧರ್ಮದಂತೆ ಬೆಳೆಯಿತು. ನೆಲದ ಮೇಲೆ ಬೇಲಿ ಹಾಕಬಹುದು, ನೆಲದಡಿಯ ನೀರಿಗೆ ಬೇಲಿಯಿಲ್ಲ. ಸಸಿ ನೆಡುವ ಮುನ್ನ ಬೇಲಿಯಾಚೆಗೂ ಒಮ್ಮೆ ನೋಡಬೇಕಾದವನು ನಾನು.